ಎರಡನೇ ಮನಿ

ಜಾಗಿಲ್ಲ ಅಂತ ಕೆಂಪ ಗೆರಿ ತೋರಿಸಿತು ಲ್ಯಾಪ್‌ಟಾಪು.
ಆನಿಹೆಜ್ಜಿ ಮುಗದಿತ್ತು, ತೊಟ್ಟಿಲಾ ಅರ್ಧಕ್ಕ ನಿಂತಿತು.
ಇನ್ನೂ ಹದಿನಾಕ ಗಂಟ ರಟ್ಟು ಅಟ್ಟದ ಮ್ಯಾಲ,
ಅಪ್ಪ ಹೊಡದ ತೂತು, ಆಮ್ಯಾಲ ನಾ ಹೊಡದ ತೂತು.
ಗುಳೇದಗುಡ್ಡದ ಹತ್ತರ ಬಸ್ಸಿಗೆ ಹೊಂಟೆ ಬಾಗಲಕೋಟಿಗೆ,
ಚೀಲದಾಗ ಎರಡ ಖಣ ಮಾರಿದ್ದು, ಚೀಟಿ ಎತ್ತಿದ್ದು,
ಎಲ್ಲಾ ಕೂಡಿ ಒಂಬತ್ತ ಸಾವಿರ.

ನವನಗರದ ಅಂಗಡ್ಯಾಗ ದಸ್ತಗೀರ ಅನ್ನೂ ಹುಡುಗ
ಗಾಜಿನ ಮ್ಯಾಲ ಎರಡ ಇಟ್ಟ,
ಒಂದು ತಂಬಾಕದ ಡಬ್ಬಿಯಷ್ಟು, ಒಂದು ಬೆಂಕಿಪೊಟ್ಣದಷ್ಟು.
'ಇದರಾಗ ಬಿಲ್ಲಿ ತಿರಗತಾವ್ರೀ ಅಕ್ಕಾರ, ಬೀಳಸಬ್ಯಾಡ್ರಿ.
ಇದರಾಗ ಏನೂ ತಿರಗಂಗಿಲ್ಲ, ಸಪ್ಪಳಿಲ್ಲ,
ಕೈಜಾರಿದ್ರೂ ನಡಿತೈತಿ. ರೊಕ್ಕ ಮಾತ್ರ ಜಾಸ್ತಿ.'

ಯಾವುದು ಜಲ್ದಿ ಸಾಯತೈತಿ ಅಂತ ಕೇಳಿದೆ.
ಅಂವ ನಗಲಿಲ್ಲ. ಇಂಥಾ ಪ್ರಶ್ನಿ ಕೇಳಿದವರು ಕಡಿಮಿ ಇರಬೇಕು.
'ಸಾಯೂದು ಎರಡೂ ಸಾಯತಾವ.
ದೊಡ್ಡದು ಹೋಗೂ ಮುಂದ ಬಹಳ ಸಲ ಟಕ್ ಟಕ್ ಅಂದು ಹೇಳತೈತಿ.
ಸಣ್ಣದು ರಾತ್ರಿ ಚೊಲೊ ಮಲಗಿದ್ದು
ಮುಂಜಾನಿ ಏಳಂಗಿಲ್ಲ, ಅಷ್ಟ.'

ದೊಡ್ಡದನ್ನ ಹಚ್ಚಿ ಕೊಡು ಅಂದೆ, ಕಿವಿಗೆ ಹಿಡದೆ.
ಸಣ್ಣಗೆ ಗುಂಯ್ ಅಂದಿತು,
ಓಣಿ ಆ ತುದಿಗೆ ಯಾರೋ ಕಂಡಿಕಿ ಸುತ್ತಿದಂಗ.
ಮಗ್ಗಾನೂ ಹಿಂಗ, ಮುರಿಯೂಕಿಂತ ಮೊದಲ ಗೊಣಗತೈತಿ,
ಕೇಳವ್ರಿಗೆ ಕೇಳತೈತಿ.
ಇದ ಇರಲಿ ಅಂದೆ.

'ತೂತು ಎಂಥಾದೈತ್ರಿ ನಿಮ್ಮ ಲ್ಯಾಪ್‌ಟಾಪಿಂದು, ಚಪ್ಪಟಿದೋ, ಸಣ್ಣ ದುಂಡಂದೋ?'
ಮೂವತ್ತ ವರ್ಷ ತೂತಿನ ಲೆಕ್ಕಾನ ಮಾಡೇನಿ ತಮ್ಮಾ ಅಂದು
ಚೀಲದಾಗಿನ ರಟ್ಟು ಒಂದು ತಗದು ತೋರಿಸಿದೆ.
ತೂತಿದ್ದಲ್ಲೆ ಎಳಿ ಏಳತೈತಿ,
ಇಲ್ಲದಲ್ಲೆ ಮಲಗತೈತಿ.
ಅಂವ ರಟ್ಟು ಟ್ಯೂಬ್‌ಲೈಟಿಗೆ ಹಿಡದು ಬಹಳ ಹೊತ್ತು ನೋಡಿದ.
'ಇದರಾಗೂ ಅಷ್ಟ ಇರತೈತಿ ಅಕ್ಕಾರ. ಹೌದು, ಅಲ್ಲ.
ಮತ್ತೇನಿಲ್ಲ.'

ಆಮ್ಯಾಲ, ಬಿಲ್ಲು ಬರೀತ, ಹಂಗ ಅಂದ:
'ಒಂದ ತಗೊಂಡ್ರ ಒಂದೂ ತಗೊಂಡಿಲ್ಲ ಅಂತ ತಿಳೀರಿ.
ಎರಡ ಬೇಕು. ಎರಡನೇದು ಬ್ಯಾರೆ ಮನ್ಯಾಗಿರಬೇಕು.'

ಬ್ಯಾರೆ ಮನಿ!
ನಮ್ಮೂರಾಗ ದೀಪಾವಳಿತನಾ ಹೊಸ ದಡಿ
ಹೆಂಡ್ತಿಗೆ ಗಂಡ ತೋರಸಂಗಿಲ್ಲ.
ಬೀಗರು ಬಂದ್ರ ಮಗ್ಗಕ್ಕ ಧಡಪಾ ಹೊಚ್ಚತಾರ.
ಯಾರ ಕೈಯಾಗ ಕೊಡಲಿ ಅಪ್ಪನ ಬೆರಳು?

ಉಳದದ್ದು ಮುಂದಿನ ವಾರ ಕೊಡ್ರಿ ಅಂದ ದಸ್ತಗೀರ.
ಎರಡೂ ಸೆರಗಿನಾಗ ಸುತ್ತಿ, ಮಡಿಲಾಗ ಇಟಗೊಂಡು,
ಕಿಡಕಿ ಪಕ್ಕ ಕುಂತು ಒಂದೊಂದ ಮನಿ ಹೆಸರು ಹೇಳಕೋತ ಬಂದೆ.
ಅಣ್ಣನ ಮನಿ: ಅತ್ತಿಗಿ ಮಾರತಾಳ.
ಸಂಘದ ಆಫೀಸು: ಕೀಲಿ ನಾಕ ಮಂದಿ ಕಡೆ ಐತಿ.
ಶಿರೂರ ದಾಟೂದ್ರಾಗ ಹೆಸರು ಮುಗದ್ವು.

ಒಂದ ಹೆಸರು ಬಿಟ್ಟಿದ್ದೆ.
ತುಳಜಣಸಾ.
ಅಪ್ಪನ ಸೂರ್ಯನಾರಾಯಣ ಕದ್ದಂವ.
ಮದವಿಗೆ ಬಂದು, ಹಂದರದಾಗ ಕುಂತು,
ಅವ್ವನ ಕುಬಸದ ಬೆನ್ನ ನೋಡಿ ಎಳಿ ಎಣಿಸಿದ್ನಂತ.
ಅಪ್ಪ ಸಾಯೂತನಾ ಅವನ ಓಣಿ ತುಳೀಲಿಲ್ಲ.
ನಮ್ಮ ಮನ್ಯಾಗಿನ ಸೂರ್ಯನಾರಾಯಣ ಗೆದ್ದಲ ತಿಂತು,
ಒಂದ ರಟ್ಟೂ ಉಳೀಲಿಲ್ಲ.
ಊರಾಗ ಇವತ್ತು ಆ ಖಣ ಉಟ್ಟವರು ಯಾರ ಇದ್ರೂ
ಅದು ಕಳ್ಳನ ಮನೀದು.

ಸಂಜೀಕ ಅವನ ಬಾಗಲಾಗ ನಿಂತೆ.
ಮಗ್ಗದ ಸಪ್ಪಳ ನಿಂತಿತು.
ಇದನ್ನ ನಿಮ್ಮಲ್ಲೆ ಇಡ್ರಿ, ಕೇಳಿದಾಗ ಕೊಡ್ರಿ ಅಂದೆ.
ಏನೈತಿ ಇದರಾಗ ಅಂತ ಕೇಳಲಿಲ್ಲ.
ಅಂಗೈಯಾಗ ತೂಗಿ ನೋಡಿ, ಟ್ರಂಕಿನಾಗ
ಮನಿ ಕಾಗದ, ಲೈಟಿನ ಬಿಲ್ಲಿನ ನಡಬರಕ ಇಟ್ಟು,
ಕೀಲಿ ಹಾಕಿ, ಬೆನ್ನ ತಿರುವಿಕೊಂಡ ಮಾತಾಡಿದ:

'ಹನ್ನೊಂದನೇ ರಟ್ಟಿನ್ಯಾಗ ನಿಮ್ಮಪ್ಪ
ಒಂದ ತೂತು ಹೆಚ್ಚಿಗಿ ಹೊಡದಿದ್ದ.
ಸೂರ್ಯಾಗ ಒಂದ ಕಿರಣ ಜಾಸ್ತಿ.
ನಾ ತಿದ್ದಲಿಲ್ಲ ತಂಗೀ.
ಹಂಗ ಇಟ್ಟೀನಿ.'