ಸಂಪಿಗೆ ಮೂಲೆ

ಬೋರ್ಡಿನಲ್ಲಿ ಇರುವುದು
ಸಮುದಾಯ ಸಂಪನ್ಮೂಲ ಕೇಂದ್ರ, ಜನ್ನಾಪುರ, ಭದ್ರಾವತಿ.
ಅಷ್ಟುದ್ದ ಯಾರ ಬಾಯಲ್ಲಿ ನಿಲ್ಲುತ್ತದೆ?
ತಿಂಗಳು ತುಂಬುವುದರೊಳಗೆ ಅದು ಸಂಪಿಗೆ ಮೂಲೆ ಆಯಿತು.
ಸಂಪಿಗೆ ಮರ ಇಲ್ಲ. ಮೂಲೆ ಇದೆ:
ಕೆಳಗೆ ರೇಷನ್ ಅಂಗಡಿ,
ಸೀಮೆಎಣ್ಣೆ ನಿಂತು ವರ್ಷಗಳಾದರೂ ಬಿಡದ ಅದರ ವಾಸನೆ,
ಮೇಲೆ ಒಂದು ಬೀರು, ಕಾಲು ಕುಂಟುವ ಮೇಜು, ನಾನು.

ಅಪ್ಪ ಕಾಗದದ ಮಿಲ್ಲಿನಲ್ಲಿದ್ದವರು.
ಮಿಲ್ಲು ಮುಚ್ಚಿತು, ಮನೆಯ ಅಟ್ಟದಲ್ಲಿ ಬಿಳಿ ಹಾಳೆಯ ಕಟ್ಟುಗಳು ಉಳಿದವು.
ಅವನ್ನೇ ಕತ್ತರಿಸಿ, ದಬ್ಬಣದಲ್ಲಿ ಹೊಲಿದು
ಬಂದವರಿಗೆಲ್ಲ ಒಂದೊಂದು ಪುಸ್ತಕ ಕೊಡುತ್ತೇನೆ.
ಎರಡೇ ಕಲಂ. ಬಂದದ್ದು, ಹೋದದ್ದು.

ಬುಧವಾರ ಜನ ಜಾಸ್ತಿ,
ಮಂಗಳವಾರ ವಾರದ ಕಂತಿನ ಬೈಕು ಬಂದು ಹೋಗಿರುತ್ತದೆ.
ನೂರಕ್ಕೆ ಮೂರು ಅಂದರೆ ಎಲ್ಲರಿಗೂ ಹಗುರ.
ಅದನ್ನೇ ವರ್ಷಕ್ಕೆ ಮೂವತ್ತಾರು ಎಂದು ಬರೆದು ತೋರಿಸಿದರೆ
ಸೆಲ್ವಿ ತನ್ನ ಸೆರಗಿನ ಗಂಟು ಮುಟ್ಟಿ ನೋಡಿಕೊಂಡಳು.

ಎಲ್ಲ ಸರಿಹೋಗುತ್ತದೆ ಅಂತ ನಾನು ಹೇಳುವುದಿಲ್ಲ.
ಫ್ಲೋರಿನ್ ಬಾಯಿಗೆ ಹೊಲಿಗೆ ಮಿಷನ್ ಕೊಡಿಸಿದೆವು,
ಎರಡೇ ತಿಂಗಳಿಗೆ ಮಾರಿದಳು,
ಗಂಡನ ಡಯಾಲಿಸಿಸ್ಸಿಗೆ.
ವರದಿಯಲ್ಲಿ ಅದಕ್ಕೆ ಕಲಂ ಇಲ್ಲ.
‘ಇತರೆ’ ಎಂದು ಬರೆದೆ.

ಚೌಡಮ್ಮ ಸಾಲ ಕೇಳಲು ಬಂದವಳಲ್ಲ.
ಸ್ಟೀಲ್ ಡಬ್ಬಿ ಮೇಜಿನ ಮೇಲಿಟ್ಟು,
‘ಅರವತ್ತು ಅಕ್ಕಿರೊಟ್ಟಿ ತಟ್ತೀನಿ ದಿನಾ, ಹೋಟ್ಲಿಗೆ,
ಒಂದಕ್ಕೆ ಆರು ರೂಪಾಯಿ.
ದುಡ್ಡು ಬರುತ್ತೆ ಮೇಡಂ, ನಿಲ್ಲಲ್ಲ.
ಎಲ್ಲಿ ತೂತು ನೋಡಿ’ ಅಂದಳು.

ಹಿಟ್ಟು ನೂರೈವತ್ತು. ಗ್ಯಾಸು ಎಂಬತ್ತು. ಆಟೋ ನಲವತ್ತು.
ಬೆರಳು ಮಡಚಿ, ಬಿಚ್ಚಿ,
‘ತೊಂಬತ್ತು ಲಾಭ’ ಎಂದಳು, ಮುಖ ಕಳೆಕಟ್ಟಿ.
ನಿನ್ನ ಕೂಲಿ?
‘ಯಾರ್ದು?’
ನಾಲ್ಕು ಗಂಟೆಗೆ ಏಳುವವಳದ್ದು. ಕಾವಲಿ ಸುಟ್ಟ ಬೆರಳಿನದ್ದು.
ನಕ್ಕುಬಿಟ್ಟಳು. ‘ನನ್ ಕೈಗೆ ನಾನೇ ಕೊಡೋದಾ?
ಚೆನ್ನಾಗಿದೆ ಮಾರಾಯ್ತಿ ನಿಮ್ಮ ಲೆಕ್ಕ.’
ನಗು ಮುಗಿಯುವ ಮೊದಲೇ
ಯಾಕೋ ಡಬ್ಬಿಯ ಮುಚ್ಚಳ ಹಾಕಿ, ತೆಗೆದು, ಹಾಕಿದಳು.

ಮುಂದಿನ ಸೋಮವಾರ ಹೋಟೆಲಿನವರಿಗೆ ಎಂಟು ರೂಪಾಯಿ ಅಂದಳಂತೆ.
ಬೇಡ ಅಂದರಂತೆ.
ಮೂರು ದಿನ ಅವಳ ಕಾವಲಿ ತಣ್ಣಗಿತ್ತು,
ಮೂರು ದಿನ ನನಗೂ ನಿದ್ದೆ ಇಲ್ಲ:
ಇದ್ದ ತೊಂಬತ್ತನ್ನೂ ಕಳೆದೆನೇನೋ,
ಪುಸ್ತಕದ ಬದನೆಕಾಯಿ ತಿನ್ನಿಸಲು ಹೋಗಿ.
ನಾಲ್ಕನೆಯ ದಿನ ಬೆಳಿಗ್ಗೆ
ಹೋಟೆಲಿನ ಹುಡುಗ ಸ್ಕೂಟರಿನಲ್ಲಿ ಅವಳ ಬಾಗಿಲಿಗೇ ಬಂದ.
ಆಟೋದ ನಲವತ್ತೂ ಉಳಿಯಿತು.

ಇದೆಲ್ಲ ಆಗಿ ಒಂದೂವರೆ ವರ್ಷ.
ಇವತ್ತು ಬಂದಿದ್ದಳು, ಹಿಟ್ಟಿನ ಕೈ ಒರೆಸಿಕೊಳ್ಳುತ್ತ.
ಹಳೆಯ ಸಾಲದ ಕೊನೆಯ ರಸೀದಿ ತೋರಿಸಿ
‘ಇನ್ನು ಬರಲ್ಲ ಮೇಡಂ, ಪುರಸೊತ್ತಿಲ್ಲ’ ಎಂದಳು.
ನಾವು ಬಾಗಿಲು ತೆರೆದದ್ದು ಇದಕ್ಕೇ, ಗೊತ್ತು,
ಬರುವವರು ಬರದಂತಾಗಲಿ ಎಂದೇ.
ಆದರೂ ಆ ಖಾಲಿ ಕುರ್ಚಿ ನೋಡಲು ಒಂಥರಾ.

‘ಒಂದು ಹೊಸ ಪುಸ್ತಕ ಕೊಡಿ’ ಎಂದಳು.
ಕೊಟ್ಟೆ. ತಿರುಗಿಸಿ ನನ್ನ ಕಡೆಗೇ ಸರಿಸಿದಳು.
‘ನಿಮ್ದು ಬರ್ದಿದೀರಾ?’

ಏನು ಹೇಳಲಿ?
ನಮಗೆ ಸಂಬಳ ಇಲ್ಲ, ಗೌರವಧನ.
ಗೌರವ ದಿನಾ ಬರುತ್ತದೆ, ಮೆಟ್ಟಿಲು ಹತ್ತಿ, ನಮಸ್ಕಾರ ಅನ್ನುತ್ತದೆ.
ಧನ ಬಂದು ನಾಲ್ಕು ತಿಂಗಳಾಯಿತು.

ಅವಳು ಇಳಿದುಹೋದಳು. ಮೊದಲ ಹಾಳೆ ತೆರೆದೆ,
ಅಪ್ಪನ ಕೈಯ ಕಾಗದ, ಅಂಚು ಹಳದಿ.
ಕೆಳಗೆ ಬೈಕು ನಿಂತ ಸದ್ದು.
ಇವತ್ತು ಮಂಗಳವಾರ.
ನನ್ನದೂ ಒಂದು ಕಂತಿದೆ, ಯಾರಿಗೂ ಹೇಳಿಲ್ಲ.

ಹಾರ್ನ್ ಒಂದು ಸಲ. ಎರಡು ಸಲ.
ಕಾಯಲಿ.
ಇಳಿಯುವ ಮೊದಲು ಒಂದು ಸಾಲು ಬರೆಯುತ್ತಿದ್ದೇನೆ,
ಬಂದದ್ದೂ ಅಲ್ಲ, ಹೋದದ್ದೂ ಅಲ್ಲ,
ಎರಡು ಕಲಮಿನ ನಡುವಿನ ಗೆರೆಯ ಮೇಲೆ:
ನನ್ನ ಕೂಲಿ.