ತೆಳಿವು

ವಿದ್ಯಾನಗರದ ಕೋರ್ಟಿನಲ್ಲಿ ನನ್ನ ಕೆಲಸ
ಒಬ್ಬರ ಬಾಯಿಂದ ಬಿದ್ದದ್ದನ್ನು
ನೆಲ ಮುಟ್ಟುವ ಮೊದಲೇ ಹಿಡಿದು
ಇನ್ನೊಬ್ಬರ ಕಿವಿಯಲ್ಲಿಡುವುದು.
ದಿನಕ್ಕಿಷ್ಟು ಬತ್ತೆ. ಟಿಕೇಟು ತೋರಿಸಿದರೆ ಬಸ್ಸಿನದ್ದೂ.
ನಿಲ್ಲುವ ಜಾಗ ಕಟಕಟೆಗೂ ಮೇಜಿಗೂ ನಡುವೆ,
ಫ್ಯಾನಿನ ಗಾಳಿ ಬಾರದ ಕಡೆ.

ಆ ದಿನ ಸಾಕ್ಷಿ ಬಾಯಾರಿನ ಅಂಗಾರಜ್ಜ.
ಸುರಂಗ ತೋಡುವವ.
ಮುರಕಲ್ಲಿನ ಗುಡ್ಡೆಯ ಹೊಟ್ಟೆಗೆ
ಕುಕ್ಕರುಗಾಲಲ್ಲಿ ಕೂತು ಕೂತೇ ನುಗ್ಗಿ
ನೂರ ಹತ್ತು ಕೋಲು ಒಳಗೆ ನೀರು ಕಂಡವ.
ನೆಲದ ಮೇಲೆ ಬೇಲಿ ಸರಿಯಾಗಿಯೇ ಇತ್ತು.
ತಕರಾರು ಕೆಳಗೆ:
ಬೇಲಿ ಇಳಿಯದಷ್ಟು ಕತ್ತಲಲ್ಲಿ
ಸುರಂಗ ಬಲಕ್ಕೆ ತಿರುಗಿದ್ದು ಯಾರ ಜಾಗದಲ್ಲಿ,
ಕ್ರಾಸ್ತರದ್ದೋ, ಪಕ್ರುಞ್ಞಿ ಹಾಜಿಯವರದ್ದೋ?

ಕುಂಞಂಬು ನಂಬಿಯಾರ್ ಕರಿಕೋಟು ಕೊಡವಿ ಎದ್ದರು:
"ಅದಿನ್ ತೆಳಿವ್ ಉಂಡೋ?"
ನಾನು ಬಾಯಿ ತೆರೆಯುವ ಮೊದಲೇ
ಅಜ್ಜ ಮುಖ ಅರಳಿಸಿ ತುಳುವಿನಲ್ಲಿ,
"ಕಾಂಡೆನೇ ಪರಿಯೆ."
ಬೆಳಿಗ್ಗೆಯೇ ಕುಡಿದೆ.

ತೆಳಿ ಅಂದರೆ ಅವನಿಗೆ ಗಂಜಿಯ ತಿಳಿ,
ಉಪ್ಪು ಹಾಕಿ, ಒಂದು ಗಾಂಧಾರಿ ಮೆಣಸು ನುರಿದು.
ವಕೀಲರಿಗೆ ತೆಳಿವ್ ಅಂದರೆ ಪುರಾವೆ,
ಸೀಲು, ಸಹಿ, ಸರ್ವೆ ನಂಬ್ರ.
ಪೆರ್ಲದ ಕನ್ನಡ ಶಾಲೆಯ ಬೆಂಚಿನಿಂದ ಎದ್ದು ಬಂದ ನನಗೆ
ತಿಳಿವು, ತಿಳಿಯಿತು,
ಕೊಡಪಾನದ ತಳ ಕಾಣುವ ನೀರು.
ಒಂದೇ ಬೇರು.
ಕೋರ್ಟು ನಕ್ಕಿತು.
ಕೋಟ್ಟಯಂ ಕಡೆಯಿಂದ ಹೊಸತಾಗಿ ಬಂದ ಜಡ್ಜಮ್ಮ
ನಗದೆ ನನ್ನತ್ತ ನೋಡಿದರು: ಏನಂತೆ?

ಏನೆನ್ನಲಿ.
ಗಂಜಿ ಅಂದರೆ ಅಜ್ಜ ಮಂಕ,
ಪುರಾವೆ ಅಂದರೆ ನಾನು ಸುಳ್ಳಿ.
ಇನ್ನೊಮ್ಮೆ ಕೇಳುತ್ತೇನೆ ಅಂದೆ. ಕೇಳಿದೆ, ನಿಧಾನ,
ತಿರುಗಿದ್ದು ಕ್ರಾಸ್ತರ ಜಾಗದಲ್ಲೋ ಅಂತ.
"ಅತ್ತ್," ಅಂದ. ಅಲ್ಲ.
ಟೈಪು ಮಾಡುವ ಹುಡುಗ ಪಯ್ಯನ್ನೂರಿನವ,
ಅವನ ಕಿವಿಗೆ ಬಿದ್ದದ್ದು ಅತೆ. ಹೌದು.
ಬೆರಳು ಆಗಲೇ ಹೌದು ಹೊಡೆದಾಗಿತ್ತು.
ನಾನು ಕೈ ಎತ್ತಿದೆ. ಅಳಿಸಿದ.
ಅಷ್ಟು ಹೊತ್ತು ಪರದೆಯಲ್ಲಿ
ಹೌದೂ ಇಲ್ಲ, ಅಲ್ಲವೂ ಇಲ್ಲ,
ಸಣ್ಣ ಗೀಟೊಂದು ಮಿನುಗುತ್ತಿತ್ತು.
ನನಗೇಕೋ ಅದೇ ಸರಿ ಅನ್ನಿಸಿತು.

"ಸ್ಪಷ್ಟವಾಗಿ ಹೇಳಲಿ," ಅಂದರು ಜಡ್ಜಮ್ಮ.

ಅಜ್ಜ ಕಟಕಟೆಯ ಮರವನ್ನು ಬೆರಳಿನಿಂದ ಕುಟ್ಟಿ ನೋಡಿದ,
ಒಳಗೆ ಟೊಳ್ಳೋ ಗಟ್ಟಿಯೋ ಅಂತ.
ಆಮೇಲೆ ಹೇಳಿದ:
ಒಳಗೆ ಜಾಗ ಅಂತ ಇಲ್ಲ ಅಮ್ಮಾ, ಕಲ್ಲು ಉಂಟು.
ಮೆತ್ತಗಿನ ಕಲ್ಲು ಎತ್ತ ಕರೆಯುತ್ತದೋ ಅತ್ತ ಕೈ ಹೋಗುತ್ತದೆ.
ಮೊಂಬತ್ತಿ ಆರಿದರೆ ಹಿಂದೆ ಬರಬೇಕು, ಅದೊಂದೇ ಕಾನೂನು.
ನೀರು ಸಿಕ್ಕಿದ ದಿನ ಅದು ಕೆಂಪು, ಹುಣ್ಣಿನ ಹಾಗೆ.
ಕೊಡ ಹಿಡಿದುಕೊಂಡು ಬಂದು ಕೇಳುತ್ತಾರೆ,
ಯಾವಾಗ ಕುಡಿಯುವುದು ಅಂತ.
ಯಾರೂ ಕಾಲಿಡಬೇಡಿ ಅನ್ನುತ್ತೇನೆ. ಅಷ್ಟೇ.
ನಾನೂ ಇಡುವುದಿಲ್ಲ.

ಮಲಯಾಳಕ್ಕೆ ದಾಟಿಸಿದೆ.
ಕಲ್ಲಿಗೆ ಕಲ್ಲ್ ಸಿಕ್ಕಿತು, ಕೈಗೆ ಕೈಯೇ.
ಹದಿನೇಳು ವರ್ಷದಲ್ಲಿ ಇಷ್ಟು ಸಲೀಸಾಗಿ
ಯಾವ ಮಾತೂ ನನ್ನನ್ನು ದಾಟಿ ಹೋದದ್ದಿಲ್ಲ.
ಜಡ್ಜಮ್ಮ ಪೆನ್ನು ಕೆಳಗಿಟ್ಟು
"ಮನಸ್ಸಿಲಾಯಿ" ಅಂದರು, ಯಾರಿಗೂ ಅಲ್ಲದ ಹಾಗೆ.
ಅರ್ಥವಾಯಿತು ಅನ್ನುವುದಕ್ಕೆ ಅವರಲ್ಲಿ ಹಾಗೆ,
ಮನಸ್ಸಿನಲ್ಲಿ ಆಯಿತು.
ಮತ್ತೆ ಪೆನ್ನು ಎತ್ತಿ ಬರೆಸಿದರು:
ಸಾಕ್ಷಿಯ ಉತ್ತರ ಅಸ್ಪಷ್ಟ.

ಎರಡೂ ನಿಜವೇ ಇರಬೇಕು.

ಹೊರಗೆ, ಮೆಟ್ಟಿಲಿನ ಕೆಳಗೆ
ಕಟ್ಟನ್ ಚಾ ಕುಡಿಯುತ್ತಿದ್ದ ಅಜ್ಜ.
ಉಗುರಿನ ಸಂದಿಯಲ್ಲಿ ಕೆಂಪು, ತೊಳೆದರೂ ಹೋಗದ್ದು.
"ಇರೆಗ್ ತೆರಿಂಡಾ ಅಕ್ಕೆರೇ?"
ನಿಮಗೆ ತಿಳಿಯಿತಾ?
ಯಾವುದು ಅಂತ ಕೇಳಬೇಕಿತ್ತು.
"ಅಂದ್," ಅಂದೆ.
ತುಳುವಿನಲ್ಲಿ ಅದು ಹೌದು.
ಕನ್ನಡದ ಕಿವಿಗೆ
ಏನೋ ಅಂದು, ಮುಗಿಸದೆ
ಬಿಟ್ಟ ಹಾಗೆ.