ಕೊಕ್ಕೆ

ಎಡಗೆನ್ನೆಯ ಒಳಗೆ, ಕವಳ ಒತ್ತರಿಸುವ ಜಾಗದಲ್ಲಿ
ಎಂಟಾಣೆಯಷ್ಟು ಬಿಳುಪು,
ಉಜ್ಜಿದರೆ ಹೋಗದ್ದು.
ಉಲ್ಹಾಸ ತಾಂಡೇಲರು ಸುಣ್ಣದ ಕಲೆ ಅಂದುಕೊಂಡಿದ್ದರು:
ಕಾಳಿಯ ಅಳಿವೆಯಲ್ಲಿ ಹೆಕ್ಕಿ ಸುಟ್ಟ ಬಳಚಿನ ಸುಣ್ಣ,
ಆಯಿಯ ಕಾಲದ ಹಿತ್ತಾಳೆ ಡಬ್ಬಿ.

ತುಣುಕು ಮಣಿಪಾಲಕ್ಕೆ ಹೋಯಿತು
ಥರ್ಮೋಕೋಲ್ ಪೆಟ್ಟಿಗೆಯಲ್ಲಿ, ಬೈತಖೋಲದ ಮೀನು ಹೋಗುವ ಹಾಗೆಯೇ
ಐಸಿನ ಮೇಲೆ.
ತಿರುಗಿ ಬಂದದ್ದು ಎರಡು ಹಾಳೆ.
ಡಾಕ್ಟರು ಕುಮಟೆಯ ಕ್ಯಾಂಪಿನಲ್ಲಿದ್ದರು,
ಓದಿ ಹೇಳುವ ಸರದಿ ನನ್ನದಾಯಿತು.

"ಏನು ಕೆಟ್ಟಿದೆ?"
ಈ ಸಾಲಿನಲ್ಲಿ ಅಕ್ಷರ ಒಂದೂ ಕೆಟ್ಟಿಲ್ಲ, ಅಂದೆ.
ಆಯಿ ಬಾಬಾ ಕೊಟ್ಟ ಅದೇ ನಾಲ್ಕು ಅಕ್ಷರ.
ಮೇಲೆ ಏನೋ ಬಂದು ಕೂತಿದೆ,
ಒಂದು ಇಂಗಾಲ, ಮೂರು ಜಲಜನಕ,
ಇಷ್ಟೇ ಇಷ್ಟು.
ಸಾಕು, ಇನ್ನು ಎರಡಾಗಬೇಡ
ಎಂದು ಕೋಶಕ್ಕೆ ಹೇಳುವ ಜೀನು
ಇದೆ; ಹೇಳುತ್ತಿಲ್ಲ.

ಅವರು ನನ್ನ ಬಾಯಿಯನ್ನೇ ನೋಡುತ್ತಿದ್ದರು.
ಪರೀಕ್ಷೆಗೆ ಉರು ಹೊಡೆದದ್ದನ್ನೇ ತಡಕಾಡಿ
ಆ ಜಾಗಕ್ಕೆ ದ್ವೀಪ ಅನ್ನುತ್ತಾರೆ, ಅಂದೆ.
"ದೇವಗಡದ ಹಾಗೆ?"
ಹೌದು. ದೀಪಸ್ತಂಭ ಬಿದ್ದಿಲ್ಲ, ದೀಪ ಒಡೆದಿಲ್ಲ,
ಗಾಜಿಗೆ ಯಾರೋ ಗೋಣಿ ಹೊದಿಸಿ ಬಂದಿದ್ದಾರೆ.
ಅವರ ಕೈ ಅಂಗಿಯ ಕಿಸೆಗೆ ಹೋಯಿತು, ಪೊಟ್ಟಣದ ಮೇಲೆ ನಿಂತಿತು.
"ದಿನಕ್ಕೊಂದು ಗೋಣಿ. ನಾನೇ ಹೊತ್ತೆ."

ಎರಡನೆಯ ಹಾಳೆ ಓದಲಿಲ್ಲ.
ಅಲ್ಲಿ ಬೇರೆ ಸಂಗತಿ: ತಲೆಮಾರುಗಳ ಹಿಂದೆ
ಬಾಯಿ ಕಟ್ಟಿ ಮಲಗಿಸಿದ್ದ ಸಾಲುಗಳ ಮೇಲಿಂದ
ಗುರುತುಗಳು ಕಳಚುತ್ತಿವೆ,
ಎದ್ದು, ಕಣ್ಣುಜ್ಜಿಕೊಂಡು,
ಸಿಕ್ಕಲ್ಲಿ ಕೂತು ಮಾತಿಗೆ ತೊಡಗಿವೆ.

ಅವರೇ ಲಕೋಟೆ ಎಳೆದುಕೊಂಡು
ಹೆಸರಿನ ಮೇಲೆ ಬೆರಳಿಟ್ಟರು. "ಇಲ್ಲಿ ತಪ್ಪಿದೆ ಬಾಯಿ."
ನಮ್ಮ ಕೌಂಟರಿನವರು ಬರೆದದ್ದು ತಾಂಡೇಲ್.
ಶಾಲೆಯಲ್ಲಿ ಬರೆಸಿದ್ದು ತಾಂಡೇಲ,
ದೋಣಿಯ ಮೂತಿಗೆ ಬರೆಸಿದ್ದೂ ತಾಂಡೇಲ.
ಲ ಅದೇ ಲ.
ತಲೆಕಟ್ಟು ಕಿತ್ತು, ಆ ಜಾಗಕ್ಕೆ
ಒಂದು ಕೊಕ್ಕೆ ಸಿಕ್ಕಿಸಿದ್ದರು.
ಕೊನೆಯ ಅಕ್ಷರಕ್ಕೆ ಉಸಿರಿರಲಿಲ್ಲ.
ಮೂವತ್ತು ವರ್ಷ ಇಶ್ವಾಣಕ್ಕೆ ಗಾಳ ಕಟ್ಟಿದ ಬೆರಳು
ಆ ಗೆರೆಯ ಬಾಗನ್ನು ಸವರಿತು. ಗುರುತು ಸಿಕ್ಕ ಹಾಗೆ.

ವೈಟ್ನರ್ ತೆಗೆದವಳು ಹಾಗೇ ಇಟ್ಟೆ;
ಇನ್ನೊಂದು ಬಿಳಿ ಮಚ್ಚೆ ಬೇಡ.
ಬ್ಲೇಡಿನ ಮೂಲೆಯಿಂದ, ಕಾಗದ ಹರಿಯದಂತೆ,
ಕೊಕ್ಕೆ ಕೆರೆದು ತಲೆಕಟ್ಟು ಎಳೆದೆ.
ಶಾಯಿ ಸ್ವಲ್ಪ ಹರಡಿತು.

"ಒಳಗಿನದೂ ಹೀಗೇ ಹೋಗುತ್ತದೆಯೇ?"
ಬೇಗ ಕಂಡರೆ, ಕವಳ ಬಿಟ್ಟರೆ,
ಕೆಲವು ಹೋಗುತ್ತವಂತೆ, ಅಂದೆ.
ಅಂತೆ ಎಂಬುದನ್ನು
ಆದಷ್ಟು ಮೆಲ್ಲಗೆ.

ಸೋಮವಾರ ಬರಲು ಹೇಳಿದೆ, ಬಾಯೊಳಗೆ ಇನ್ನೂ ಎರಡು ಕಡೆ ನೋಡಬೇಕು.
ಕಿಟಕಿಯಿಂದ ಕಂಡರು, ಗೇಟಿನ ಬಳಿ,
ಕಡಲಿನ ಕಡೆ ಮುಖ ಮಾಡಿ ನಿಂತದ್ದು.
ದವಡೆ ಆಡುತ್ತಿತ್ತೋ ಇಲ್ಲವೋ
ಬೆನ್ನಿನಿಂದ ತಿಳಿಯಲಿಲ್ಲ.